ನೀರಿಗೆ ತಿಳಿಯಾಗದ ಬಣ್ಣ

ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯಲ್ಲಾಗಲಿ, ಸುತ್ತಲ ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಊರುಗಳಲ್ಲಾಗಲಿ, ಉಚ್ಚೆಯ ಬಣ್ಣ ಕಡುವಾಗಿದೆ ಎಂದರೆ ಮನೆಯವರು ಮೊದಲು ಹೇಳುವುದು ‘ಉಷ್ಣ ಆಗಿದೆ’ ಎಂದೇ. ಎಳನೀರು ಕೆಡವಿಸುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಬಾರ್ಲಿ ಕುದಿಸುತ್ತಾರೆ. ಈ ತಿಳಿವಳಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಬಹಳಷ್ಟು ಸಲ ಅದು ನಿಜವೇ ಆಗಿರುತ್ತದೆ. ತೊಂದರೆ ಬರುವುದು ಎಲ್ಲ ಬಣ್ಣಕ್ಕೂ ಅದೊಂದೇ ಕಾರಣ ಹೇಳಿದಾಗ. ಆಗ ಆಸ್ಪತ್ರೆಗೆ ಓಡಬೇಕಾಗಿದ್ದ ಎರಡು ಮೂರು ದಿನ ಎಳನೀರು ಕುಡಿಯುವುದರಲ್ಲೇ ಕಳೆದುಹೋಗುತ್ತವೆ. ಹಾಗಾಗಿ ಬಣ್ಣ ಎಷ್ಟು ಕಡುವಾಗಿದೆ ಎಂದು ಕೇಳಿಕೊಳ್ಳುವುದಕ್ಕಿಂತ, ಚೆನ್ನಾಗಿ ನೀರು ಕುಡಿದ ಮೇಲೆ ತಿಳಿಯಾಯಿತೇ ಇಲ್ಲವೇ ಎಂದು ಕೇಳಿಕೊಳ್ಳುವುದು ಮುಖ್ಯ.

ಮೂತ್ರ ಹಳದಿಯಾಗಿರುವುದಕ್ಕೆ ಕಾರಣ ರಕ್ತದಲ್ಲೇ ಇದೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳು ದಿನವೂ ಒಡೆಯುತ್ತಿರುತ್ತವೆ. ಅವುಗಳ ಕೆಂಪು ವಸ್ತು ಕಳಚಿ ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಬಣ್ಣವಿಲ್ಲದ ಯುರೋಬಿಲಿನೋಜೆನ್ ಮಾಡುತ್ತವೆ. ಅದರಲ್ಲಿ ಸ್ವಲ್ಪ ಮತ್ತೆ ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೂಲಕ ಹೊರಬಂದು, ಯುರೋಬಿಲಿನ್ ಆಗಿ ಹಳದಿ ಬಣ್ಣ ತಾಳುತ್ತದೆ. ಈ ಕೆಲಸ ಮಾಡುವ ಬ್ಯಾಕ್ಟೀರಿಯಾದ ಕಿಣ್ವ ಯಾವುದೆಂದು ಗೊತ್ತಾದದ್ದು 2024ರಲ್ಲಿ, ಅಮೆರಿಕದ ವಿಜ್ಞಾನಿಗಳಿಂದ. ದಿನನಿತ್ಯ ಕಾಣುವ ಬಣ್ಣವೊಂದರ ಗುಟ್ಟು ಇಷ್ಟು ತಡವಾಗಿ ಬಿಚ್ಚಿಕೊಂಡಿತು ಎನ್ನುವುದು ಅಚ್ಚರಿಯೇ. ನಮ್ಮ ಚರ್ಚೆಗೆ ಬೇಕಾದ ಅಂಶ ಇಷ್ಟು: ದಿನಕ್ಕೆ ಹೊರಹೋಗುವ ಈ ಹಳದಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದರ ಜೊತೆ ಹೋಗುವ ನೀರು ಮಾತ್ರ ಬದಲಾಗುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲನ್ನು ಮತ್ತೆ ರಕ್ತಕ್ಕೆ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಡುತ್ತವೆ. ನೀರಿಗೆ ಬರ ಬಂದರೆ ಅರ್ಧ ಲೀಟರಿಗೂ ಇಳಿಸಬಲ್ಲವು. ಅದೇ ಬಣ್ಣ ಕಡಿಮೆ ನೀರಿನಲ್ಲಿ ಬಂದಾಗ ಕಡುವಾಗಿ ಕಾಣುತ್ತದೆ. ಬೆಳಗಿನ ಮೊದಲ ಮೂತ್ರ ಗಾಢವಾಗಿರುವುದೂ ರಾತ್ರಿಯೆಲ್ಲ ನೀರು ಉಳಿಸಿದ್ದರಿಂದಲೇ.

ಆದ್ದರಿಂದ ಬೇಸಗೆಯ ಬಿಸಿಲಲ್ಲಿ ಕಬ್ಬು ಕಡಿಯುವವರಿಗೆ, ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕ ನಿಲ್ಲುವವರಿಗೆ, ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತಳ್ಳುವವರಿಗೆ ಮೂತ್ರ ಕಡುಹಳದಿಯಾದರೆ ‘ಉಷ್ಣ’ ಎನ್ನುವುದು ತಕ್ಕ ಮಾತೇ. ಬೆವರಿನಲ್ಲಿ ಹೋದ ನೀರು ಮೂತ್ರಕ್ಕೆ ಸಿಗುವುದಿಲ್ಲ. ಇಂಥವರು ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಸಂಜೆಯೊಳಗೆ ಬಣ್ಣ ತಿಳಿಯಾಗುತ್ತದೆ. ಆದರೆ ತಿಳಿಯಾಯಿತಲ್ಲ ಎಂದು ದಿನವೂ ಹಾಗೇ ಒಣಗುವುದು ಒಳ್ಳೆಯದಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡೋರ್, ನಿಕರಾಗುವಾ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ, ಹರೆಯದ ಕಬ್ಬು ಕಡಿಯುವ ಆಳುಗಳ ಮೂತ್ರಪಿಂಡಗಳು ಕೆಡುತ್ತಿರುವುದನ್ನು ವೈದ್ಯರು ಎರಡು ದಶಕದಿಂದ ದಾಖಲಿಸುತ್ತಿದ್ದಾರೆ. ಕಾರಣದ ಬಗ್ಗೆ ವಾದವಿದೆ. ಆದರೂ ಬಿಸಿಲು, ಬೆವರು, ನೀರಿನ ಕೊರತೆ ಇವು ಮುಖ್ಯ ಶಂಕಿತರು. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು, ಗಾರ್ಮೆಂಟ್ಸ್‌ಗೆ ಬಸ್ಸಿನಲ್ಲಿ ಹೋಗಿಬರುವವರು, ಮರೆಯಿಲ್ಲ, ಶೌಚಾಲಯವಿಲ್ಲ ಎಂದು ಬೇಕೆಂದೇ ನೀರು ಕುಡಿಯದೆ ಇರುತ್ತಾರೆ, ಬಂದದ್ದನ್ನೂ ತಡೆದುಕೊಳ್ಳುತ್ತಾರೆ. ಕಡುಬಣ್ಣ, ಉರಿಮೂತ್ರ, ಸೋಂಕು ಒಂದರ ಹಿಂದೆ ಒಂದು ಬರುತ್ತವೆ. ಇದು ದೇಹದ ಉಷ್ಣವಲ್ಲ. ಕೆಲಸದ ಜಾಗದಲ್ಲಿ ಬಾಗಿಲಿರುವ ಒಂದು ಶೌಚಾಲಯವಿದ್ದರೆ ವಾಸಿಯಾಗುವ ಕಾಯಿಲೆ.

ಈಗ ನೀರಿಗೆ ಜಗ್ಗದ ಬಣ್ಣಗಳಿಗೆ ಬರೋಣ. ಮೊದಲನೆಯದು ಕಾಮಾಲೆಯದು. ಲಿವರ್ ಸೊರಗಿದರೆ ಅಥವಾ ಪಿತ್ತನಾಳ ಕಟ್ಟಿಕೊಂಡರೆ ಬಿಲಿರುಬಿನ್ ಕರುಳಿಗೆ ಇಳಿಯದೆ ರಕ್ತಕ್ಕೆ ತಿರುಗಿ ಮೂತ್ರದಲ್ಲಿ ಬರುತ್ತದೆ. ಆಗಿನ ಬಣ್ಣ ಹಳದಿಯನ್ನು ದಾಟಿ ಕಡುಕಂದಾಗಿರುತ್ತದೆ. ಗಾಜಿನ ಲೋಟಕ್ಕೆ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು ನೋಡಿ, ಸ್ವಲ್ಪ ಅಲುಗಿಸಿದರೆ ಮೇಲೆ ಬರುವ ನೊರೆಯೂ ಹಳದಿಯಾಗಿರುತ್ತದೆ. ನೀರಿನ ಕೊರತೆಯಿಂದ ಕಡುವಾದ ಮೂತ್ರದ ನೊರೆ ಬಿಳಿಯಾಗಿಯೇ ಇರುತ್ತದೆ. ನಾಳ ಪೂರ್ತಿ ಕಟ್ಟಿದ್ದರೆ ಮಲ ಬಣ್ಣಗೆಟ್ಟು ಸುಣ್ಣದ ಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ, ಮೈ ಕೆರೆತ ಬರುತ್ತದೆ. ಇಲ್ಲಿ ಎಲ್ಲರೂ ಎತ್ತುವ ಆಕ್ಷೇಪವೊಂದಿದೆ: ‘ಕಾಮಾಲೆಗೆ ನಾಟಿ ಔಷಧಿ ಕುಡಿದು ಎಷ್ಟೋ ಜನ ವಾಸಿಯಾಗಿದ್ದಾರಲ್ಲ?’ ವಾಸಿಯಾಗಿದ್ದಾರೆ, ಸುಳ್ಳಲ್ಲ. ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆಗಳು ಬಹುತೇಕ ಜನರಲ್ಲಿ ಯಾವ ಔಷಧಿಯೂ ಇಲ್ಲದೆ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಆ ಹೊತ್ತಿನಲ್ಲಿ ಏನು ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಆದರೆ ಬಣ್ಣ ನೋಡಿದ ಮಾತ್ರಕ್ಕೆ ಇದು ಅದೇ ಕಾಮಾಲೆ, ಬೇರೆಯದಲ್ಲ ಎಂದು ಹೇಳಲು ಯಾರಿಗೂ ಆಗದು. ಇಲಿಯ ಮೂತ್ರ ಬೆರೆತ ಗದ್ದೆ ನೀರಿನಿಂದ ಬರುವ ಇಲಿಜ್ವರದಲ್ಲೂ, ಕುಡಿತದಿಂದ ಲಿವರ್ ಕೆಟ್ಟಾಗಲೂ, ಪಿತ್ತನಾಳದ ಕಲ್ಲಿನಲ್ಲೂ, ಗಡ್ಡೆಯಲ್ಲೂ ಕಾಣುವುದು ಇದೇ ಬಣ್ಣ. ಇಲಿಜ್ವರಕ್ಕೆ ಬೇಗ ಆಂಟಿಬಯಾಟಿಕ್ ಬೇಕು, ಕಟ್ಟಿದ ನಾಳವನ್ನು ತೆರೆಯಬೇಕು. ಹೆಪಟೈಟಿಸ್ ಇ ಗರ್ಭಿಣಿಗೆ ಬಂದರೆ ಪ್ರಾಣಕ್ಕೇ ಕುತ್ತು. ವಾಸಿಯಾದವರು ಊರಲ್ಲಿ ಓಡಾಡಿಕೊಂಡು ಔಷಧಿಯ ಗುಣ ಹೇಳುತ್ತಾರೆ. ವಾಸಿಯಾಗದವರ ಮಾತು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಎಳೆಗೂಸಿನ ವಿಷಯದಲ್ಲಂತೂ ಕಾಯುವ ಪ್ರಶ್ನೆಯೇ ಬರಕೂಡದು. ಹುಟ್ಟಿದ ಮೊದಲ ವಾರ ಅನೇಕ ಕೂಸುಗಳ ಮೈ ಹಳದಿಯಾಗುತ್ತದೆ, ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಎರಡು ವಾರ ಕಳೆದರೂ ಹಳದಿ ಉಳಿದು, ನೀರಿನಂತೆ ಇರಬೇಕಾದ ಮೂತ್ರ ಬಿಳಿಬಟ್ಟೆಗೆ ಹಳದಿ ಕಲೆ ಹಚ್ಚುತ್ತ, ಮಲ ಬಿಳಿಚಿಕೊಂಡಿದ್ದರೆ ಪಿತ್ತನಾಳಗಳೇ ಮುಚ್ಚಿಹೋಗುವ ಕಾಯಿಲೆ ಇರಬಹುದು. ಅದರ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಹೆಚ್ಚು. ತಡವಾದಷ್ಟೂ ಲಿವರ್ ಕೈಬಿಡುತ್ತದೆ. ಎಳೆಬಿಸಿಲಿಗೆ ಹಿಡಿಯುವುದರಲ್ಲಿ ಈ ದಿನಗಳನ್ನು ಕಳೆಯಬಾರದು. ಬಾಣಂತಿಯನ್ನು ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಆ ಬಟ್ಟೆಯನ್ನೇ ತೋರಿಸಿದರೂ ಸಾಕು.

ಕೆಂಪು ಬಣ್ಣದಲ್ಲಿ ಮೋಸ ಎರಡೂ ಕಡೆ ಇದೆ. ಬೀಟ್‌ರೂಟ್ ಪಲ್ಯ ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಾಗುತ್ತದೆ, ಅದು ಬರಿಯ ತರಕಾರಿಯ ಬಣ್ಣ. ಬಿ ಕಾಂಪ್ಲೆಕ್ಸ್ ಮಾತ್ರೆಯಿಂದ ಮಿಂಚುವ ಹಳದಿ ಬರುವುದೂ ಹೀಗೇ. ಇವುಗಳಿಗಿಂತ ಮುಖ್ಯವಾದದ್ದು ಕ್ಷಯರೋಗಕ್ಕೆ ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಗಳಲ್ಲಿರುವ ರಿಫಾಂಪಿಸಿನ್. ಅದು ಮೂತ್ರ, ಬೆವರು, ಕಣ್ಣೀರನ್ನೂ ಕಿತ್ತಳೆಗೆಂಪು ಮಾಡುತ್ತದೆ. ರಕ್ತ ಹೋಗುತ್ತಿದೆ, ಮಾತ್ರೆ ಉಷ್ಣ ಎಂದು ಹೆದರಿ ನಡುವೆಯೇ ಬಿಟ್ಟರೆ ರೋಗ ಮರುಕಳಿಸಿ, ಮುಂದೆ ಅದೇ ಮಾತ್ರೆಗೆ ಬಗ್ಗದಂತಾಗಬಹುದು. ಆ ಬಣ್ಣ ಮಾತ್ರೆ ಮೈಗೆ ಸೇರಿದ್ದರ ಗುರುತು. ಕಣ್ಣು ಹಳದಿಯಾಗಿ, ಊಟ ಸೇರದೆ, ವಾಂತಿ ಬಂದರೆ ಮಾತ್ರ ಅದು ಬೇರೆ ಮಾತು, ಅಂದೇ ವೈದ್ಯರನ್ನು ಕಾಣಬೇಕು. ಇನ್ನು ನಿಜವಾದ ರಕ್ತ. ಒಂದು ಲೀಟರ್ ಮೂತ್ರದಲ್ಲಿ ಒಂದು ಮಿಲಿಲೀಟರ್ ರಕ್ತ ಬೆರೆತರೂ ಕಣ್ಣಿಗೆ ಕೆಂಪು ಕಾಣುತ್ತದೆ. ಕಲ್ಲಿದ್ದರೆ ಸೊಂಟದಿಂದ ತೊಡೆಸಂದಿಗೆ ಎಳೆಯುವ ನೋವು, ಸೋಂಕಿದ್ದರೆ ಉರಿ. ನೋವಿರುವವರು ಹೇಗೂ ಆಸ್ಪತ್ರೆಗೆ ಹೋಗುತ್ತಾರೆ. ನೋವಿಲ್ಲದೆ ಹೋಗುವ ರಕ್ತವೇ ಹೆಚ್ಚು ಅಪಾಯದ್ದು. ಅದರಲ್ಲೂ ನಲವತ್ತು ದಾಟಿದ, ಬೀಡಿ ಸೇದುವವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಮೊದಲ ಸುಳಿವು ಇದೇ ಆಗಿರಬಹುದು. ನೀರು ಕುಡಿದು ತಿಳಿಯಾದರೆ ಸಾಕು ಎಂದು ಮೇಲೆ ಹೇಳಿದ ಸೂತ್ರ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗಡ್ಡೆಯಿಂದ ಬರುವ ರಕ್ತ ಒಂದು ದಿನ ಕಂಡು, ತಿಂಗಳುಗಟ್ಟಲೆ ನಿಂತು, ಮತ್ತೆ ಕಾಣುತ್ತದೆ. ಹಳದಿ ತಿಳಿಯಾದರೆ ನಂಬಬಹುದು, ಕೆಂಪು ತಾನಾಗಿ ಹೋದರೂ ನಂಬಬಾರದು.

ಕಬ್ಬಿನ ಗದ್ದೆ, ಭತ್ತದ ಬದುಗಳ ಈ ಸೀಮೆಗೆ ಇನ್ನೊಂದು ಕೆಂಪು ಗೊತ್ತಿರಲೇಬೇಕು. ಇಲಿ ಇರುವ ಕಡೆ ಕೊಳಕುಮಂಡಲ ಹಾವು ಇರುತ್ತದೆ. ಅದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಕಚ್ಚಿದ ಮೇಲೆ ಮೂತ್ರ ಕೆಂಪಾಗುವುದು, ಕಡುಗಪ್ಪಾಗುವುದು, ಆಮೇಲೆ ಕಡಿಮೆಯಾಗುತ್ತ ನಿಂತೇಹೋಗುವುದು ಅದರ ಲಕ್ಷಣ. ಆಸ್ಪತ್ರೆಯಲ್ಲಿ ಒಣಗಿದ ಗಾಜಿನ ಕೊಳವೆಗೆ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ, ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದು ಪ್ರತಿವಿಷ ಕೊಡುತ್ತಾರೆ. ಹಾವು ಕಡಿತವನ್ನು 2024ರಲ್ಲಿ ಕರ್ನಾಟಕ ಸರ್ಕಾರ ವರದಿ ಮಾಡಲೇಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ. ಮೂತ್ರದ ಬಣ್ಣ ಬದಲಾಗುವವರೆಗೆ ಕಾಯುವ ಮಾತೇ ಇಲ್ಲ, ಕಚ್ಚಿದ ಕೂಡಲೇ 108ಕ್ಕೆ ಫೋನ್ ಮಾಡಬೇಕು. ‘ಎಳನೀರು ಕುಡಿದರೆ ನಷ್ಟವೇನು?’ ಎಂಬ ಕೊನೆಯ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಮೂತ್ರ ನಿಂತವನಿಗೆ, ಕಿಡ್ನಿ ಕೆಟ್ಟವನಿಗೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ನಿಲ್ಲಿಸಬಲ್ಲದು. ತೆಂಗಿನ ನಾಡಾದ ನಾಗಮಂಗಲದ ಜನ ಈ ಒಂದು ಮಾತನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಕೊನೆಗೆ ಬಣ್ಣದ ಮಿತಿಯನ್ನೂ ಹೇಳಬೇಕು. ಸಕ್ಕರೆ ಕಾಯಿಲೆ, ಬಿಪಿಯಿಂದ ಮೂತ್ರಪಿಂಡ ಸವೆಯುವಾಗ ಮೂತ್ರ ಬಣ್ಣ ಬದಲಿಸುವುದಿಲ್ಲ. ಹೆಚ್ಚೆಂದರೆ ಬೇಗ ಒಡೆಯದ ನೊರೆ ಬರಬಹುದು, ಅದೂ ತಡವಾಗಿ. ಈ ಎರಡು ಕಾಯಿಲೆ ಇರುವವರು ಲೋಟದಲ್ಲಿ ತಿಳಿಯಾಗಿ ಕಂಡಿತೆಂದು ಸುಮ್ಮನಿರದೆ, ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.