ಕಸುಬಿಗೆ ಒದಗುವ ಇಂಗ್ಲಿಷ್

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ, ಅನಂತರ ಐಟಿಐ ಸೇರಿ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಕೆಲಸವನ್ನು ಅಭ್ಯಸಿಸುತ್ತಿರುವ ನಮ್ಮ ತರುಣ ತರುಣಿಯರಿಗೆ ಯಾವ ಬಗೆಯ ಇಂಗ್ಲಿಷ್ ಅವಶ್ಯಕವೆಂಬುದನ್ನು ಪಠ್ಯ ನಿರ್ಣಯಕ್ಕೆ ಮೊದಲೇ ವಿಚಾರಿಸತಕ್ಕದ್ದು. ವ್ಯಾಕರಣದ ಸೂತ್ರಗಳನ್ನೆಲ್ಲ ಕಂಠಪಾಠವಾಗಿ ಒಪ್ಪಿಸಬಲ್ಲವನು ಯಂತ್ರದ ಮೇಲಿನ ಎಚ್ಚರಿಕೆಯ ಫಲಕವನ್ನು ಓದಲಾರದೆ ನಿಂತರೆ, ಆ ವಿದ್ಯೆಯಿಂದ ಅವನಿಗಾದ ಉಪಕಾರವೇನು?

ಈ ವಿಷಯವನ್ನು ಶಾಸ್ತ್ರೀಯವಾಗಿ ವಿವೇಚಿಸಿದ ಟಾಮ್ ಹಚಿನ್ಸನ್ ಮತ್ತು ಅಲನ್ ವಾಟರ್ಸ್, 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಉದ್ಯೋಗವು ಅಪೇಕ್ಷಿಸುವುದೇನು, ವಿದ್ಯಾರ್ಥಿಯಲ್ಲಿ ಇರುವ ಕೊರತೆ ಯಾವುದು, ಅವನು ತಾನಾಗಿ ಬಯಸುವುದೇನು ಎಂದು ಅಗತ್ಯವನ್ನು ಮೂರು ಮುಖಗಳಿಂದ ಪರೀಕ್ಷಿಸಿದರು. ಮೊದಲನೆಯದಕ್ಕೆ ಉತ್ತರ ದೊರೆಯುವುದು ವರ್ಕ್‌ಶಾಪಿನಲ್ಲಿ. ಡ್ರಾಯಿಂಗಿನ ಅಂಚಿನ ಟಿಪ್ಪಣಿ, ಜಾಬ್ ಕಾರ್ಡ್, ಯಂತ್ರದ ಕೈಪಿಡಿ, ಸ್ಟೋರ್ಸ್‌ಗೆ ಬರೆಯುವ ಚೀಟಿ, ಪಾಳಿ ಮುಗಿಸಿ ಹೋಗುವಾಗ ಮುಂದಿನವನಿಗೆ ಬರೆದಿಡುವ ನಾಲ್ಕು ಸಾಲು, ಇವೇ ಫಿಟ್ಟರನ ನಿತ್ಯಪಾಠಗಳು. ದಾದಿಗೆ ರೋಗಿಯ ಸ್ಥಿತಿಯನ್ನು ತಪ್ಪಿಲ್ಲದೆ ತಿಳಿಸುವ ಮಾತು ಬೇಕು. ಹೋಟೆಲಿನಲ್ಲಿ ದುಡಿಯುವವನಿಗೆ ಕೇಳಿ ಉತ್ತರಿಸುವ ಚಾತುರ್ಯ ಬೇಕು. ವಿಮಾನಗಳ ದುರಸ್ತಿಯ ಕೈಪಿಡಿಗಳಿಗಾಗಿ ರೂಪುಗೊಂಡ ಎಎಸ್‌ಡಿ-ಎಸ್‌ಟಿಇ100 ಎಂಬ ನಿಯಮಾವಳಿಯು, ಒಂದು ಪದಕ್ಕೆ ಸಾಧ್ಯವಾದಷ್ಟೂ ಒಂದೇ ಅರ್ಥವನ್ನು ವಿಧಿಸಿ, ಕಾರ್ಯವಿಧಾನವನ್ನು ತಿಳಿಸುವ ವಾಕ್ಯವು 20 ಪದಗಳನ್ನು ಮೀರಬಾರದೆಂದು ಕಟ್ಟುಮಾಡಿದೆ. ಕೆಲಸಗಾರನ ಸುರಕ್ಷತೆಯೂ ಪ್ರಯಾಣಿಕರ ಪ್ರಾಣವೂ ಭಾಷೆಯ ಸ್ಪಷ್ಟತೆಯನ್ನು ಆಶ್ರಯಿಸಿರುವುದೇ ಇದಕ್ಕೆ ಕಾರಣ.

ಆದರೆ ವಿದ್ಯಾರ್ಥಿ ತಾನಾಗಿ ಬಯಸುವುದೇನು ಎಂಬ ಮೂರನೆಯ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ವಿರಳ. ವೃತ್ತಿಗೆ ತಕ್ಕ ಇಂಗ್ಲಿಷ್ ಎಂಬ ಹೆಸರಿನಲ್ಲಿ, ಶ್ರಮಜೀವಿಯ ಮಕ್ಕಳಿಗೆ ಮೇಲಿನವರ ಅಪ್ಪಣೆ ಅರ್ಥವಾಗುವಷ್ಟನ್ನು ಮಾತ್ರ ಕಲಿಸಿ ನಿಲ್ಲಿಸುವುದಾದರೆ, ಅದು ಶಿಕ್ಷಣವಲ್ಲ, ಅನ್ಯಾಯ. ಇಂದು ಲೇತಿನ ಮುಂದೆ ನಿಂತಿರುವ ಹುಡುಗಿ ನಾಳೆ ಡಿಪ್ಲೊಮಾ ಸೇರಬಹುದು, ಮೇಲ್ವಿಚಾರಕಿಯಾಗಬಹುದು, ಸ್ವಂತ ಕಾರ್ಯಾಗಾರವನ್ನೇ ತೆರೆಯಬಹುದು. ಅಳತೆ ತಪ್ಪಾಗಿದೆಯೆಂದು ಹಿರಿಯ ಎಂಜಿನಿಯರನಿಗೆ ವಿನಯದಿಂದಲೂ ಧೈರ್ಯದಿಂದಲೂ ಹೇಳುವ ಶಕ್ತಿಯನ್ನು ಅವಳಿಗೆ ಕೊಡದ ಪಠ್ಯವು ಅಪೂರ್ಣವೆಂದೇ ನನ್ನ ದೃಢವಾದ ಅಭಿಪ್ರಾಯ.

ಇದಕ್ಕಾಗಿ ಕನ್ನಡವನ್ನು ತರಗತಿಯಿಂದ ಹೊರಗಟ್ಟಬೇಕಾಗಿಲ್ಲ. ಯಂತ್ರದ ತತ್ತ್ವವನ್ನು ತಾಯ್ನುಡಿಯಲ್ಲಿ ಗ್ರಹಿಸಿದವನಿಗೆ ಅದರ ಇಂಗ್ಲಿಷ್ ವಿವರಣೆ ಸುಲಭವಾಗಿ ವಶವಾಗುತ್ತದೆ. ಪಠ್ಯಕ್ರಮವನ್ನು ರಚಿಸುವ ಹಿರಿಯರು ಭಾಷಾಶಿಕ್ಷಕರನ್ನೂ ಕಸುಬು ಕಲಿಸುವವರನ್ನೂ ಒಂದೆಡೆ ಕೂರಿಸಿ, ಪಾಠ ಆರಂಭವಾಗುವ ಮುನ್ನವೇ ಇಂಗ್ಲಿಷ್ ಮೇಷ್ಟರನ್ನು ಕೆಲವು ದಿನ ಕಾರ್ಖಾನೆಗೆ ಕಳುಹಿಸಿ, ಅವರು ಅಲ್ಲಿಂದ ತಂದ ಕಾಗದಗಳನ್ನೇ ಪಾಠವಾಗಿಯೂ ಪರೀಕ್ಷೆಯಾಗಿಯೂ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.