ವ್ಯಾನಿನ ಎರಡನೆಯ ಟ್ಯಾಂಕು

ಪ್ರವಾಸಕ್ಕೆಂದು ನಿಮ್ಮ ಕಾಲೇಜಿನವರು ಗೊತ್ತುಮಾಡಿದ ಡೀಸೆಲ್ ವ್ಯಾನು ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಒಮ್ಮೆ ಕೆಳಗಿಳಿದು ನೋಡಿ. ಡೀಸೆಲ್ ತುಂಬಿಸಿದ ಮೇಲೆ ಚಾಲಕರು ಸೀಟಿನ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕ್ಯಾನು ತೆಗೆದು, ನೀಲಿ ಮುಚ್ಚಳದ ಇನ್ನೊಂದು ಸಣ್ಣ ಬಾಯಿಗೆ ನೀರಿನಂಥ ದ್ರವವನ್ನು ಸುರಿಯುವುದು ಕಾಣಬಹುದು. "ಅಣ್ಣಾ, ಅದೇನು?" ಎಂದು ಕೇಳಿದರೆ "ಯೂರಿಯಾ" ಎಂಬ ಉತ್ತರ ಬರುತ್ತದೆ. ಹೊಲಕ್ಕೆ ಹಾಕುವ ಗೊಬ್ಬರಕ್ಕೂ ಮೋಟಾರು ವಾಹನಕ್ಕೂ ಏನು ಸಂಬಂಧ?

ಸಂಬಂಧ ತಿಳಿಯಬೇಕಾದರೆ ಡೀಸೆಲ್ ಎಂಜಿನ್ನಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಪೆಟ್ರೋಲ್ ಎಂಜಿನ್ನಿನಂತೆ ಇದಕ್ಕೆ ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಗೆ ಡೀಸೆಲನ್ನು ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಸಿಂಪಡಿಸಿದ ಹನಿಯ ಸುತ್ತ ಎಲ್ಲ ಕಡೆಯೂ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಸಿಗದ ಕಡೆ ಇಂಗಾಲ ಅರೆಬೆಂದು ಮಸಿಯಾಗುತ್ತದೆ. ಜ್ವಾಲೆ ತೀರ ಬಿಸಿಯಾದ ಕಡೆ ಇನ್ನೊಂದು ತೊಂದರೆ. ಗಾಳಿಯಲ್ಲಿ ತನ್ನಷ್ಟಕ್ಕೆ ಇರುವ ಸಾರಜನಕ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಬಿಸಿ ಹೆಚ್ಚಿಸಿದರೆ ಮಸಿ ಕಡಿಮೆ, ಆಕ್ಸೈಡುಗಳು ಹೆಚ್ಚು. ಬಿಸಿ ತಗ್ಗಿಸಿದರೆ ಆಕ್ಸೈಡುಗಳು ಕಡಿಮೆ, ಮಸಿ ಹೆಚ್ಚು. ಒಂದನ್ನು ಹಿಡಿಯಹೋದರೆ ಇನ್ನೊಂದು ಕೈತಪ್ಪುತ್ತದೆ. ಎಂಜಿನಿಯರುಗಳನ್ನು ದಶಕಗಳ ಕಾಲ ಕಾಡಿದ ಗಂಟು ಇದೇ.

ಎಂಜಿನ್ನಿನ ಒಳಗೇ ಎರಡನ್ನೂ ಪೂರ್ತಿ ತಡೆಯುವುದು ಸಾಧ್ಯವಿಲ್ಲವೆಂದಾಗ, ಹೊಗೆಕೊಳವೆಯನ್ನೇ ಒಂದು ಸಣ್ಣ ರಸಾಯನಶಾಲೆಯನ್ನಾಗಿ ಮಾಡಬೇಕಾಯಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂತು. ನಾಲ್ಕನೆಯ ಹಂತದಿಂದ ಐದನ್ನು ಬಿಟ್ಟು ನೇರವಾಗಿ ಆರಕ್ಕೆ ಹಾರಿದ್ದು ಇದರ ವಿಶೇಷ. ಡೀಸೆಲ್ ಕಾರೊಂದು ಒಂದು ಕಿಲೋಮೀಟರ್ ಓಡಿದಾಗ ಬಿಡಬಹುದಾದ ನೈಟ್ರೋಜನ್ ಆಕ್ಸೈಡುಗಳ ಮಿತಿ 0.25 ಗ್ರಾಮಿನಿಂದ 0.08 ಗ್ರಾಮಿಗೆ, ಮಸಿಯ ಕಣಗಳ ಮಿತಿ 0.025 ಗ್ರಾಮಿನಿಂದ 0.0045 ಗ್ರಾಮಿಗೆ ಇಳಿಯಿತು. ಇದಕ್ಕಾಗಿ ಮೊದಲು ಡೀಸೆಲ್ ಎಣ್ಣೆಯೇ ಬದಲಾಗಬೇಕಿತ್ತು. ಎಣ್ಣೆಯಲ್ಲಿರುವ ಗಂಧಕ ಹೊಗೆಕೊಳವೆಯ ಕ್ರಿಯಾವರ್ಧಕಗಳಿಗೆ ವಿಷ. ಹಿಂದೆ ಹತ್ತು ಲಕ್ಷ ಭಾಗ ಎಣ್ಣೆಯಲ್ಲಿ 50 ಭಾಗದವರೆಗೆ ಇರಬಹುದಾಗಿದ್ದ ಗಂಧಕವನ್ನು 10 ಭಾಗಕ್ಕೆ ಇಳಿಸಲಾಯಿತು.

ಮೊದಲು ಮಸಿಯ ವಿಚಾರ. ಇದನ್ನು ಹಿಡಿಯುವುದು ಡಿ.ಪಿ.ಎಫ್. ಎಂಬ ಸೋಸುಕ. ಜೇನುಗೂಡಿನಂತೆ ಸಾವಿರಾರು ಸಣ್ಣ ಕೊಳವೆಗಳಿರುವ ಪಿಂಗಾಣಿಯಂಥ ಗಟ್ಟಿ. ಒಂದು ಕೊಳವೆಯ ಬಾಯಿ ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ ಕೊಳವೆಯ ಬಾಯಿ ಆ ತುದಿಯಲ್ಲಿ ಮುಚ್ಚಿರುತ್ತದೆ. ಹೀಗಾಗಿ ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ನುಸುಳಿ ಹೋಗಬೇಕು. ಮಸಿ ಗೋಡೆಯಲ್ಲಿ ಉಳಿಯುತ್ತದೆ. ಸೋಸುಕ ತುಂಬಿದರೆ? ಅಲ್ಲಿಯೇ ಸುಡಬೇಕು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಸಿ ಉರಿದು ಅನಿಲವಾಗಿ ಹೋಗುತ್ತದೆ. ಅಷ್ಟು ಶಾಖ ಬರಿಸಲು ಎಂಜಿನ್ ತಾನೇ ಸ್ವಲ್ಪ ಹೆಚ್ಚಿನ ಡೀಸೆಲ್ ಸಿಂಪಡಿಸುತ್ತದೆ.

ತೊಂದರೆ ಶುರುವಾಗುವುದು ಇಲ್ಲಿ. ಹಾಸನದಿಂದ ಮಂಗಳೂರಿಗೆ ಹೋಗುವ ವ್ಯಾನಿನ ಹೊಗೆಕೊಳವೆ ಚೆನ್ನಾಗಿ ಕಾಯುತ್ತದೆ, ಮಸಿ ದಾರಿಯಲ್ಲೇ ಉರಿದುಹೋಗುತ್ತದೆ. ಆದರೆ ಬೆಂಗಳೂರಿನ ಒಂದು ಬಡಾವಣೆಯಿಂದ ಮಕ್ಕಳನ್ನು ಹತ್ತಿಸಿಕೊಂಡು ಮೂರು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು, ಅಲ್ಲೇ ನೆರಳಿನಲ್ಲಿ ಎಂಜಿನ್ ಆರಿಸದೆ ಏ.ಸಿ. ಹಾಕಿಕೊಂಡು ನಿಲ್ಲುವ ವ್ಯಾನಿನ ಗತಿ ಬೇರೆ. ಅದರ ಕೊಳವೆ ಕಾಯುವುದೇ ಇಲ್ಲ. ಚಾಲಕರ ಮುಂದಿನ ಫಲಕದಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. "ನನ್ನನ್ನು ಹೆದ್ದಾರಿಗೆ ಕರೆದುಕೊಂಡು ಹೋಗಿ ಹದಿನೈದು-ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸು" ಎಂಬುದು ಅದರ ಅರ್ಥ. ಅದನ್ನು ಲೆಕ್ಕಿಸದೆ ಎಂಜಿನ್ ಆರಿಸುತ್ತಲೇ ಹೋದರೆ ಅರ್ಧ ಸುಟ್ಟ ಮಸಿ ಉಳಿಯುತ್ತದೆ. ಹೆಚ್ಚಿಗೆ ಸಿಂಪಡಿಸಿದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರಿದೆಯೆಂದು ಮೆಕ್ಯಾನಿಕ್ ಹೇಳಿದರೆ ಆಶ್ಚರ್ಯಪಡಬೇಡಿ. ಇನ್ನೊಂದು ಮಾತು: ಸೋಸುಕ ಸುಡುತ್ತಿರುವಾಗ ವ್ಯಾನನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು.

ಚಾಲಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಹೆದ್ದಾರಿಗೆ ಹೋಗಿ ಬರುವ ಡೀಸೆಲ್ ಖರ್ಚು ಅವರ ಜೇಬಿನದು. ದಿನವೆಲ್ಲ ಊರೊಳಗೇ ಸುತ್ತುವ ಕೆಲಸಕ್ಕೆ ಇಂಥ ವಾಹನವನ್ನು ಕೊಂಡವರೂ ಮಾರಿದವರೂ ಒಂದು ಮಾತು ಯೋಚಿಸಬೇಕಿತ್ತು.

ಈಗ ಎರಡನೆಯ ಟ್ಯಾಂಕಿಗೆ ಬರೋಣ. ಕ್ಯಾನಿನ ಮೇಲೆ ಡಿ.ಇ.ಎಫ್. ಅಥವಾ ಆಡ್‌ಬ್ಲೂ ಎಂದು ಬರೆದಿರುತ್ತದೆ. ಅದರಲ್ಲಿ ಇರುವುದು ಎರಡೇ ವಸ್ತು: ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಲವಣಗಳನ್ನೆಲ್ಲ ತೆಗೆದ ನೀರು. ಈ ಪ್ರಮಾಣವನ್ನು ಸುಮ್ಮನೆ ಆರಿಸಿದ್ದಲ್ಲ. ಯೂರಿಯಾ-ನೀರಿನ ಮಿಶ್ರಣಗಳಲ್ಲೆಲ್ಲ ಅತಿ ಕಡಿಮೆ ಶಾಖದಲ್ಲಿ, ಅಂದರೆ ಶೂನ್ಯಕ್ಕಿಂತ 11 ಡಿಗ್ರಿ ಕೆಳಗೆ, ಹೆಪ್ಪುಗಟ್ಟುವುದು ಇದೇ. ಈ ದ್ರವವನ್ನು ಬಿಸಿ ಹೊಗೆಗೆ ಸಿಂಪಡಿಸಿದಾಗ ಯೂರಿಯಾ ಒಡೆದು ಅಮೋನಿಯಾ ಹುಟ್ಟುತ್ತದೆ. ಮುಂದಿನ ಪೆಟ್ಟಿಗೆಯಲ್ಲಿ ಕ್ರಿಯಾವರ್ಧಕದ ಮೇಲೆ ನಾಲ್ಕು ಅಣು ಅಮೋನಿಯಾ, ನಾಲ್ಕು ಅಣು ನೈಟ್ರಿಕ್ ಆಕ್ಸೈಡ್ ಮತ್ತು ಒಂದು ಅಣು ಆಮ್ಲಜನಕ ಸೇರಿ ನಾಲ್ಕು ಅಣು ಸಾರಜನಕ ಹಾಗೂ ಆರು ಅಣು ನೀರಾಗುತ್ತವೆ. ವಿಜ್ಞಾನ ವಿಭಾಗದವರು ಸಮೀಕರಣ ಬರೆದು ತಾಳೆ ನೋಡಬಹುದು. ಗಾಳಿಯಿಂದ ಬಂದ ಸಾರಜನಕ ಮತ್ತೆ ಗಾಳಿಗೆ ಸೇರಿತು! ಈ ವಿಧಾನಕ್ಕೆ ಎಸ್.ಸಿ.ಆರ್. ಎಂದು ಹೆಸರು. ಕೆಲವು ಸಣ್ಣ ಡೀಸೆಲ್ ಎಂಜಿನ್ನುಗಳು ಬೇರೆ ಉಪಾಯ ಬಳಸುವುದರಿಂದ ಅವುಗಳಿಗೆ ಈ ಟ್ಯಾಂಕು ಇರುವುದಿಲ್ಲ.

ನೂರು ಲೀಟರ್ ಡೀಸೆಲ್ ಖರ್ಚಾದರೆ ಸಾಮಾನ್ಯವಾಗಿ ಮೂರರಿಂದ ಐದು ಲೀಟರ್ ಡಿ.ಇ.ಎಫ್. ಬೇಕು. ಲೀಟರಿಗೆ ಹತ್ತು ಕಿಲೋಮೀಟರ್ ಕೊಡುವ ವ್ಯಾನಾದರೆ ಸಾವಿರ ಕಿಲೋಮೀಟರಿಗೆ ಇಷ್ಟು. ಮುಗಿಯುತ್ತ ಬಂದರೆ ಮೊದಲು ಎಚ್ಚರಿಕೆಯ ದೀಪ, ಆಮೇಲೆ ಹಲವು ವಾಹನಗಳಲ್ಲಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಇನ್ನು ಕೆಲವು ಒಮ್ಮೆ ಆರಿಸಿದರೆ ಮತ್ತೆ ಚಾಲೂ ಆಗುವುದೇ ಇಲ್ಲ. ಆಗುಂಬೆ ಘಾಟಿಯ ಬುಡದಲ್ಲಿ ಹೀಗಾದರೆ ಪ್ರವಾಸದ ಕತೆ ಏನಾದೀತು, ಊಹಿಸಿಕೊಳ್ಳಿ.

"ಮನೆಯಲ್ಲಿ ಗೊಬ್ಬರದ ಚೀಲವಿದೆ, ನೀರಿಗೆ ಕರಗಿಸಿ ಹಾಕಿದರಾಗದೇ?" ರೈತರ ಮನೆಯ ಮಕ್ಕಳು ಹೀಗೆ ಕೇಳುವುದು ಸಹಜ. ಆಗದು. ನಮ್ಮ ದೇಶದಲ್ಲಿ ಹೊಲಕ್ಕೆ ಕೊಡುವ ಯೂರಿಯಾಕ್ಕೆ 2015ರಿಂದ ಪೂರ್ತಿಯಾಗಿ ಬೇವಿನೆಣ್ಣೆಯ ಲೇಪವಿದೆ. ಸಹಾಯಧನದ ಗೊಬ್ಬರ ಕಾರ್ಖಾನೆಗಳ ಪಾಲಾಗದಿರಲಿ ಎಂಬುದೂ ಆ ಲೇಪದ ಒಂದು ಉದ್ದೇಶ. ಆ ಎಣ್ಣೆ ಮತ್ತು ಗೊಬ್ಬರದಲ್ಲಿರುವ ಇತರ ಕಲ್ಮಶಗಳು ಸಿಂಪಡಿಸುವ ಮೂತಿಯನ್ನು ಕಟ್ಟಿಸಿ ಕ್ರಿಯಾವರ್ಧಕವನ್ನು ಕೆಡಿಸುತ್ತವೆ. ಬೋರ್‌ವೆಲ್ ನೀರು ಬೆರೆಸಿದರಂತೂ, ಒಲೆಯ ಮೇಲಿನ ಹಂಡೆಯೊಳಗೆ ಸುಣ್ಣ ಕಟ್ಟುವಂತೆ ಇಲ್ಲಿಯೂ ಕಟ್ಟುತ್ತದೆ. ಒಳ್ಳೆಯ ದ್ರವಕ್ಕೂ ನಮ್ಮ ಬಿಸಿಲು ಆಗದು. 25 ಡಿಗ್ರಿಯಲ್ಲಿ ಹದಿನೆಂಟು ತಿಂಗಳು ಇರುವುದು 35 ಡಿಗ್ರಿಯಲ್ಲಿ ಆರು ತಿಂಗಳಿಗೇ ಹಳತಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಂಗಡಿಯ ಹೊರಗೆ ಬಿಸಿಲಿಗಿಟ್ಟ ಕ್ಯಾನನ್ನು ಕೊಳ್ಳದಿರುವುದೇ ಲೇಸು. ಅವಸರದಲ್ಲಿ ಈ ದ್ರವವನ್ನು ಡೀಸೆಲ್ ಟ್ಯಾಂಕಿಗೆ ಸುರಿದುಬಿಟ್ಟರೆ ಕೀಲಿಯನ್ನು ತಿರುಗಿಸಲೇಬಾರದು. ವ್ಯಾನನ್ನು ತಳ್ಳಿ ಬದಿಗಿಟ್ಟು ಟ್ಯಾಂಕು ಬರಿದು ಮಾಡಿಸಬೇಕು.

ಇಷ್ಟು ಸಾಮಾನ್ಯ ವಸ್ತುವಿನ ಕೊರತೆ ಒಂದು ದೇಶವನ್ನೇ ನಡುಗಿಸಿದ ಉದಾಹರಣೆಯಿದೆ. 2021ರ ಅಕ್ಟೋಬರಿನಲ್ಲಿ ಚೀನಾ ಯೂರಿಯಾ ರಫ್ತಿಗೆ ಬಿಗಿ ಹಾಕಿತು. ಕೈಗಾರಿಕಾ ಯೂರಿಯಾವನ್ನು ಬಹುಪಾಲು ಅಲ್ಲಿಂದಲೇ ತರಿಸುತ್ತಿದ್ದ ದಕ್ಷಿಣ ಕೊರಿಯಾದಲ್ಲಿ ಲಾರಿಗಳು ನಿಲ್ಲುವ ಸ್ಥಿತಿ ಬಂತು. ಆಸ್ಟ್ರೇಲಿಯಾದಿಂದ 27,000 ಲೀಟರ್ ದ್ರವವನ್ನು ತರಲು ಸೇನೆಯ ವಿಮಾನವನ್ನೇ ಕಳುಹಿಸಬೇಕಾಯಿತು.

ಖರ್ಚು, ದೀಪ, ತಡ ಇವೆಲ್ಲ ಸೇರಿ ಕೆಲವರಿಗೆ ಅಡ್ಡದಾರಿ ಹೊಳೆಯುತ್ತದೆ. ಸೋಸುಕವನ್ನು ಒಳಗಿಂದ ಒಡೆದು ತೆಗೆಯುವುದು, ಟ್ಯಾಂಕು ತುಂಬಿದೆಯೆಂದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುವ ಸಣ್ಣ ಪೆಟ್ಟಿಗೆ ಕೂರಿಸುವುದು. ಸಣ್ಣ ಗ್ಯಾರೇಜಿನವರು ಮಾತ್ರ ಹೀಗೆ ಮಾಡಿಲ್ಲ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ಓಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಕಾರುಗಳಲ್ಲಿ ಇಟ್ಟಿತ್ತೆಂದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ಬಹಿರಂಗಪಡಿಸಿತು. ಪ್ರಪಂಚದಾದ್ಯಂತ ಅಂಥ ಕಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಅಳೆಯುವ ಉಪಕರಣವನ್ನು ಕಾರಿಗೇ ಕಟ್ಟಿ ರಸ್ತೆಯಲ್ಲಿ ಓಡಿಸಿ ನೋಡಿದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರಿಂದ ಈ ಸುಳಿವು ಸಿಕ್ಕಿತ್ತು. ನಮ್ಮಲ್ಲಿಯೂ 2023ರ ಏಪ್ರಿಲಿನಿಂದ ಹೊಸ ಮಾದರಿಗಳನ್ನು ರಸ್ತೆಯ ಮೇಲೆ ಓಡಿಸಿಯೇ ಅಳೆಯುವ ನಿಯಮ ಬಂದಿದೆ.

ಆದರೆ ಈಗಾಗಲೇ ಓಡುತ್ತಿರುವ ಡೀಸೆಲ್ ವಾಹನದ ಹೊಗೆ ತಪಾಸಣೆಯಲ್ಲಿ ಅಳೆಯುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು ಮಾತ್ರ. ನೈಟ್ರಿಕ್ ಆಕ್ಸೈಡಿಗೆ ಬಣ್ಣವಿಲ್ಲ. ಎರಡನೆಯ ಟ್ಯಾಂಕನ್ನು ವರ್ಷವೆಲ್ಲ ಖಾಲಿ ಬಿಟ್ಟು ಕಂಪ್ಯೂಟರಿಗೆ ಮೋಸ ಮಾಡಿದ ವ್ಯಾನಿಗೂ ಪ್ರಮಾಣಪತ್ರ ಸಿಗಬಹುದು. ಕಣ್ಣಿಗೆ ಕಾಣದಿದ್ದರೂ ಈ ಅನಿಲ ಬಿಸಿಲಿನಲ್ಲಿ ಓಝೋನ್ ಹುಟ್ಟಲು ಕಾರಣವಾಗುತ್ತದೆ, ಶ್ವಾಸಕೋಶವನ್ನು ಕೆರಳಿಸುತ್ತದೆ. ಇನ್ನು ಡೀಸೆಲ್ ಹೊಗೆಯನ್ನು ಒಟ್ಟಾರೆಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಶಾಲೆಯ ಗೇಟಿನ ಮುಂದೆ ಸಾಲಾಗಿ ನಿಂತ ವ್ಯಾನುಗಳ ಹೊಗೆಕೊಳವೆಗಳು ಒಂದನೆಯ ತರಗತಿಯ ಮಗುವಿನ ಮುಖದ ಎತ್ತರಕ್ಕೆ ಹತ್ತಿರದಲ್ಲೇ ಇರುತ್ತವೆ.

ನೀವೇ ಮಾಡಿನೋಡಬಹುದಾದ ಒಂದು ಪರೀಕ್ಷೆಯಿದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಚಾಲಕರ ಅನುಮತಿ ಪಡೆದು, ಹೊಗೆಕೊಳವೆಯ ಒಳಬದಿಯನ್ನು ಬಿಳಿಯ ಬಟ್ಟೆಯಿಂದ ಒರೆಸಿ. ಸೋಸುಕ ಸರಿಯಾಗಿರುವ ವಾಹನದಲ್ಲಿ ಬಟ್ಟೆಗೆ ಧೂಳೋ ತುಸು ತುಕ್ಕೋ ಹತ್ತಬಹುದು, ದಪ್ಪ ಮಸಿ ಹತ್ತುವುದಿಲ್ಲ. ಕಾಡಿಗೆಯಂತೆ ಹತ್ತಿದರೆ ಸೋಸುಕ ಒಡೆದಿದೆ ಅಥವಾ ಅಲ್ಲಿ ಇಲ್ಲ. ಎರಡನೆಯ ಟ್ಯಾಂಕಿನ ವಿಚಾರ ಬಟ್ಟೆಗೆ ತಿಳಿಯದು, ಅದಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ: "ಅಣ್ಣಾ, ಯೂರಿಯಾ ಕೊನೆಗೆ ಹಾಕಿಸಿದ್ದು ಯಾವಾಗ, ಅಲ್ಲಿಂದ ಎಷ್ಟು ಕಿಲೋಮೀಟರ್ ಆಯ್ತು?"