ಸೇವಾಸಂಸ್ಥೆಗಳೂ ಸಾಮಾಜಿಕ ಜಾಲತಾಣಗಳೂ

ಕಟಪಾಡಿಯ ಶ್ರೀ ರವಿಯವರು ಕಟ್ಟಡ ಕೆಲಸದ ಕೂಲಿಕಾರರಾಗಿದ್ದುಕೊಂಡೇ, 2014ರಿಂದ ತೊಡಗಿ ಹಲವು ವರ್ಷ ಉಡುಪಿಯ ಕೃಷ್ಣಾಷ್ಟಮಿಯಲ್ಲಿ ವಿಲಕ್ಷಣ ವೇಷ ಧರಿಸಿ, ಬಡಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದರು. ಒಟ್ಟು ಮೊತ್ತ ಒಂದು ಕೋಟಿ ರೂಪಾಯಿಯನ್ನು ಮೀರಿತು. ವೇಷದ ಚಿತ್ರಗಳು ಜಾಲತಾಣಗಳಲ್ಲಿ ಹರಡಿ ಕಣ್ಸೆಳೆದುದು ದಿಟ. ಆದರೆ ಜನರು ಮತ್ತೆ ಮತ್ತೆ ಕೈಬಿಚ್ಚಿ ಕೊಟ್ಟುದು, ಆ ಹಣ ಬಹಿರಂಗವಾಗಿಯೇ ಮಕ್ಕಳ ಮನೆಯವರ ಕೈಸೇರಿದುದನ್ನು ಕಂಡು ಎಂದು ನನ್ನೆಣಿಕೆ.

ನಮ್ಮ ಹೆಬ್ರಿಯ ಕಡೆಯ ಸಂಘಸಂಸ್ಥೆಗಳೂ ಇದನ್ನು ಗಮನಿಸಬೇಕು. ವಾಟ್ಸ್‌ಆ್ಯಪಿನಲ್ಲಿ ಮನವಿಯನ್ನು ಹರಿಯಬಿಡುವುದು ಸುಲಭ, ಹಿಂದಕ್ಕೆ ಕರೆಯುವುದು ಅಸಾಧ್ಯವೆಂದೇ ಹೇಳಬೇಕು. ರೋಗಿ ಗುಣಹೊಂದಿದ ಮೇಲೂ, ಒಮ್ಮೊಮ್ಮೆ ತೀರಿಕೊಂಡ ಮೇಲೂ, ಅದೇ ಮನವಿ ಊರೂರು ಸುತ್ತುತ್ತಿರುತ್ತದೆ. ಆದುದರಿಂದ ಅದರಲ್ಲಿ ದಿನಾಂಕ, ಬೇಕಾದ ಮೊತ್ತ, ಕೊನೆಯ ದಿನ ಇವು ಇರಲೇಬೇಕು. ಖಾತೆ ಸಂಸ್ಥೆಯ ಹೆಸರಿನದಾಗಿರತಕ್ಕದ್ದು, ಕಾರ್ಯದರ್ಶಿಯ ಸ್ವಂತದ್ದಲ್ಲ. ಕ್ಯೂಆರ್ ಕೋಡನ್ನೇ ಬದಲಿಸಿ ವಂಚಿಸುವವರಿರುವುದರಿಂದ, ಹಣ ಕಳುಹಿಸುವ ಮುನ್ನ ಫೋನಿನಲ್ಲಿ ಮೂಡುವ ಹೆಸರನ್ನು ನೋಡಿಕೊಳ್ಳಿರೆಂದೂ ಬರೆಯಬೇಕು. ಮಗುವಿನ ಮುಖವನ್ನು ತೋರಿಸದೆಯೂ ಕರುಣೆ ಹುಟ್ಟಿಸಬಹುದು. ಆ ಮಗು ಗುಣಹೊಂದಿ, ನಾಳೆ ಸಹಪಾಠಿಗಳ ನಡುವೆ ಕುಳಿತುಕೊಳ್ಳಬೇಕಾಗಿದೆಯಷ್ಟೆ. ಮೊತ್ತ ತುಂಬಿದೊಡನೆ, ‘ಸಾಕು, ಇನ್ನು ಕಳುಹಿಸಬೇಡಿ’ ಎಂಬ ಪ್ರಕಟಣೆಯನ್ನು ಖರ್ಚಿನ ಲೆಕ್ಕದೊಡನೆ ಅದೇ ಗುಂಪುಗಳಲ್ಲಿ ಹಾಕತಕ್ಕದ್ದು.